ಮಧ್ಯಾಹ್ನದ ಶುಭರಾತ್ರಿ

ಮಧ್ಯಾಹ್ನ ಮೂರೂವರೆಗೆ, ಹೊರಗೆ ಡಾಂಬರು ಕರಗುವಂಥ ಬಿಸಿಲಿರುವಾಗ, ನಾನು ಗುಜರಾತಿಗೆ ಶುಭರಾತ್ರಿ ಹೇಳುತ್ತೇನೆ. ವಾರಕ್ಕೆ ಎರಡು ದಿನ ಮಾತ್ರ, ಆದರೆ ಒಂದೊಂದು ದಿನವೂ ಮೂರು ಮೂರು ಸಲ. ಒಮ್ಮೆ ಹೇಳಿದ ಮೇಲೆ ಮತ್ತೆ ಹೇಳುವ ಮೊದಲು ಕೋಟು ಬದಲಾಯಿಸಬೇಕು. ಸೋಮವಾರದ ಶುಭರಾತ್ರಿಗೂ ಮಂಗಳವಾರದ ಶುಭರಾತ್ರಿಗೂ ನೋಡುವವರಿಗೆ ವ್ಯತ್ಯಾಸ ಕಾಣಬೇಕಲ್ಲ. ನನ್ನ ಬೆನ್ನ ಹಿಂದೆ ಬಟ್ಟೆಯ ಮೇಲೆ ಬರೆದ ಅಹಮದಾಬಾದ್ ಇರುತ್ತದೆ: ನದಿ, ದೀಪ ಹಚ್ಚಿದ ಸೇತುವೆ, ಒಬ್ಬ ಚಂದ್ರ. ಆ ಚಂದ್ರ ನಾನು ಸೇರಿದ ದಿನದಿಂದ ಹುಣ್ಣಿಮೆಯಲ್ಲೇ ನಿಂತಿದ್ದಾನೆ. ಅಹಮದಾಬಾದಿನ ಅಂಚಿನ ಬೋಪಾಲ್ ಬಡಾವಣೆ ದಾಟಿ, ಇನ್ನೂ ಕಟ್ಟುತ್ತಿರುವ ಅಪಾರ್ಟ್‌ಮೆಂಟುಗಳನ್ನೂ ದಾಟಿ ಹೋದರೆ ಸಿಗುವ ತಗಡಿನ ಶೆಡ್ಡು ನಮ್ಮ ಸ್ಟುಡಿಯೋ. ಮೊದಲು ಅಲ್ಲಿ ಪ್ಲಾಸ್ಟಿಕ್ ಕುರ್ಚಿ ತಯಾರಾಗುತ್ತಿತ್ತಂತೆ. ಈಗ ರಾತ್ರಿ ತಯಾರಾಗುತ್ತದೆ.

ನನ್ನ ಕಾರ್ಯಕ್ರಮ ಟೀವಿಯಲ್ಲಿ ಬರುವುದು ರಾತ್ರಿ ಹನ್ನೊಂದರ ಮೇಲೆ. ಆ ಹೊತ್ತಿಗೆ ನಾನು ಎಂದೂ ಎದ್ದಿರುವುದಿಲ್ಲ. ಊಟ ಮುಗಿಸಿ ಒಂಬತ್ತೂವರೆಗೆಲ್ಲ ಮಲಗಿಬಿಡುವ ಜಾತಿ ನಮ್ಮದು. ಬೆಳಿಗ್ಗೆ ಲಿಫ್ಟಿನಲ್ಲಿ ಸಿಕ್ಕವರು, "ವಾಹ್ ಗುರುಭಾಯಿ, ನಿನ್ನೆ ಆ ಡಾಕ್ಟರನ್ನ ಚೆನ್ನಾಗಿ ಹಿಡಕೊಂಡ್ರಿ!" ಎನ್ನುತ್ತಾರೆ. ಯಾವ ಡಾಕ್ಟರು, ಯಾವಾಗ ಹಿಡಿದೆ, ಒಂದೂ ನೆನಪಾಗುವುದಿಲ್ಲ. "ಅಯ್ಯೋ, ಅವರೇ ಒಳ್ಳೆಯವರು" ಎಂದು ನಕ್ಕು ಇಳಿದುಬಿಡುತ್ತೇನೆ. ಎಲ್ಲರಿಗೂ ಒಪ್ಪುವ ಉತ್ತರ ಅದು. ಅಷ್ಟು ತಡರಾತ್ರಿಯವರೆಗೆ ಎಚ್ಚರವಿದ್ದೂ ಬೆಳಿಗ್ಗೆ ಹೇಗೆ ವಾಕಿಂಗ್ ಬರುತ್ತೀರಿ ಎಂದು ಕೇಳುವವರೂ ಇದ್ದಾರೆ. ಪ್ರಾಣಾಯಾಮ ಎಂದು ಹೇಳಿಬಿಟ್ಟಿದ್ದೇನೆ. ಅದಾದ ಮೇಲೆ ನಮ್ಮ ಕಟ್ಟಡದಲ್ಲಿ ಇಬ್ಬರು ಪ್ರಾಣಾಯಾಮಕ್ಕೆ ಸೇರಿದ್ದಾರೆ.

ನಾನು ಮೂಲತಃ ಈ ಬಗೆಯ ಮನುಷ್ಯನಲ್ಲ. ನನ್ನ ಕಸುಬು ಕ್ರಿಕೆಟ್ ವೀಕ್ಷಕ ವಿವರಣೆ. ದೊಡ್ಡ ಸ್ಟೇಡಿಯಮ್ಮಿನದಲ್ಲ, ಟೆನಿಸ್ ಚೆಂಡಿನದು. ಅಪ್ಪ ಗದಗಿನ ಕಡೆಯಿಂದ ರೈಲ್ವೆಯಲ್ಲಿ ವರ್ಗವಾಗಿ ವಡೋದರಕ್ಕೆ ಬಂದವರು. ನಾನು ಅಲ್ಲಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದೆ, ಅಲ್ಲೇ ಇತಿಹಾಸದಲ್ಲಿ ಎಂ.ಎ. ಮಾಡಿದೆ. ಕಾಲೇಜಿನ ದಿನಗಳಲ್ಲಿ ಒಂದು ಭಾನುವಾರ ಮೈದಾನದಲ್ಲಿ ಸ್ಕೋರು ಓದಲು ಯಾರೂ ಇಲ್ಲದೆ ನನ್ನ ಕೈಗೆ ಮೈಕು ಕೊಟ್ಟರು ಎಂಬುದು ನನ್ನ ನೆನಪು. ಅಣ್ಣನನ್ನು ಕೇಳಿದರೆ ಯಾರೂ ಕೊಡಲಿಲ್ಲ, ನೀನೇ ಹೋಗಿ ಇಸಕೊಂಡೆ ಎನ್ನುತ್ತಾನೆ. ಇಂಥ ವಿಷಯಗಳಲ್ಲಿ ನಾನು ಈಚೆಗೆ ನನ್ನ ಪರ ವಾದಿಸುವುದನ್ನು ಬಿಟ್ಟಿದ್ದೇನೆ. ಡೈರಿ ಬರೆಯುವ ಚಟವಿದೆ, ನಿಜ. ಆದರೆ ನನ್ನ ಡೈರಿಗೆ ಮುಖ್ಯವಾದದ್ದನ್ನು ಬಿಡುವ ಅಪೂರ್ವ ಪ್ರತಿಭೆ ಇದೆ. ನಾನು ವಿಮಾ ಕಚೇರಿಯ ಕೆಲಸಕ್ಕೆ ಸೂರತ್ತಿಗೆ ಹೋಗಿ ಇಳಿದ ದಿನದ ಪುಟದಲ್ಲಿರುವುದು ಇಷ್ಟೇ: 'ಸೆಕೆ. ಲೋಚೋ ತಿಂದದ್ದು ಹೆಚ್ಚಾಯಿತು.' ಸೂರತ್ತಿನವರು ಬೆಳಗಿನ ತಿಂಡಿಗೆ ತಿನ್ನುವ ಆ ಕಡಲೆಬೇಳೆಯ ಬಿಸಿ ಮುದ್ದೆ ಹೊಟ್ಟೆಗೆ ಮಾಡಿದ್ದು ದಾಖಲಾಗಿದೆ. ನನ್ನ ಬದುಕು ಎತ್ತ ತಿರುಗಿತು ಎಂಬುದು ದಾಖಲಾಗಿಲ್ಲ.

ತಿರುಗಿದ್ದು ಮನ್ಸುಖಭಾಯಿಯಿಂದ. ಸೂರತ್ತಿನ ವಜ್ರದ ಪೇಟೆ ವರಾಛಾದಲ್ಲಿ ಅವನು ದಲಾಲ. ವಾರವಿಡೀ ಬಿಳಿ ಕಾಗದದ ಪೊಟ್ಟಣದಲ್ಲಿ ಸಣ್ಣ ಕಲ್ಲುಗಳನ್ನು ಮಡಿಸಿಟ್ಟುಕೊಂಡು, ರಸ್ತೆ ಬದಿಯಲ್ಲಿ ಸ್ಕೂಟರಿನ ಸೀಟಿನ ಮೇಲೆ ಬಿಚ್ಚಿ ತೋರಿಸುತ್ತ ವ್ಯಾಪಾರ ಕುದುರಿಸುವವನು. ಭಾನುವಾರ ಮೈಕಿನವನು. ವಜ್ರ ಉಜ್ಜುವ ಕಾರ್ಖಾನೆಗಳ ಹುಡುಗರು ತಂಡ ಕಟ್ಟಿಕೊಂಡು ಆಡುವ ಟೂರ್ನಮೆಂಟುಗಳು ಅಲ್ಲಿ ಬಹಳ. ಪ್ರೇಕ್ಷಕರೂ ಬಹಳ, ಊರಿನ ಕೇಬಲ್ಲಿನಲ್ಲಿ ಪ್ರಸಾರವೂ ಇತ್ತು. ಶಾಮಿಯಾನದ ಕೆಳಗೆ ಒಂದು ಮೇಜು, ಎರಡು ಕುರ್ಚಿ, ಒಂದೇ ಮೈಕು. ನಾನು ಎಸೆತ ಎಸೆತಕ್ಕೂ ಆಟ ಹೇಳುವವನು. ಓವರು ಮುಗಿದು ಫೀಲ್ಡರುಗಳು ಜಾಗ ಬದಲಿಸುವ ಆ ಸ್ವಲ್ಪ ಹೊತ್ತು ಮೈಕು ಮನ್ಸುಖಭಾಯಿಯದು. ಆಗ ಅವನು ಜನರನ್ನು ನಗಿಸಬೇಕು. ಬೌಲರು ಓಡಿ ಬರಲು ತಿರುಗಿ ನಿಂತ ಕೂಡಲೇ ಮೈಕು ನನಗೆ ವಾಪಸು ಬರಬೇಕು. ನಿಯಮವಂತೂ ಹಾಗಿತ್ತು. ಅವನಾಗಿ ಕೊಟ್ಟದ್ದು ಒಂದು ದಿನವೂ ಇಲ್ಲ. ಪ್ರತಿ ಸಲವೂ ಕಸಿದುಕೊಳ್ಳಬೇಕಾಗುತ್ತಿತ್ತು. ಅವನ ಮಾತು ಅರ್ಧಕ್ಕೇ ತುಂಡಾಗಿ, ಜನ ಇನ್ನೂ ನಗುತ್ತಿರುವಾಗಲೇ ನಾನು 'ಮೊದಲನೇ ಎಸೆತ' ಎಂದು ಶುರುಮಾಡುತ್ತಿದ್ದೆ. ಇದು ವರ್ಷಗಟ್ಟಲೆ ನಡೆಯಿತು.

ವರ್ಷಗಟ್ಟಲೆ ಪಕ್ಕದಲ್ಲಿ ಕೂತರೆ ಏನಾಗುತ್ತದೆಂದರೆ ದನಿಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಬಹಳ ಕಾಲ ಸಂಸಾರ ಮಾಡಿದ ಗಂಡಹೆಂಡಿರ ಮುಖ ಒಂದೇ ಥರ ಆಗುತ್ತದೆ ಎನ್ನುವುದಿಲ್ಲವೇ, ಹಾಗೆ. ಅವನು ಕಾಠಿಯಾವಾಡದ ಅಮರೇಲಿ ಕಡೆಯಿಂದ ಬಂದವನು, ಪದಗಳನ್ನು ಜಗ್ಗಿ ಎಳೆಯುತ್ತಾನೆ. ಆ ಎಳೆತ ನನ್ನ ವಡೋದರದ ಗುಜರಾತಿಗೂ ಅಂಟಿತು. ಹೋದಲ್ಲೆಲ್ಲ ಜನ, "ನೀವು ಅಮರೇಲಿ ಕಡೆಯವರಾ?" ಎಂದು ಕೇಳುತ್ತಿದ್ದರು. ಗದಗ ಎಂದರೆ, ಅದು ಅಮರೇಲಿಯಿಂದ ಎಷ್ಟು ದೂರ ಎನ್ನುತ್ತಿದ್ದರು.

ಹೀಗಿರುವಾಗ ಅಹಮದಾಬಾದಿನ ಒಂದು ಚಾನೆಲ್ಲಿನಿಂದ ಫೋನು ಬಂತು. ಖ್ಯಾತಿಬೆನ್ ಎಂಬ ನಿರ್ಮಾಪಕಿ. ನಿಮ್ಮ ಕಾಮೆಂಟರಿಯ ಒಂದು ತುಣುಕು ಮೊಬೈಲಿನಲ್ಲಿ ನೋಡಿದೆ, ನಮ್ಮ ತಡರಾತ್ರಿಯ ಮಾತುಕತೆಗೆ ನಿಮ್ಮಂಥವರೇ ಬೇಕು ಎಂದಳು. ಯಾವ ತುಣುಕು ಎಂದು ನಾನು ಕೇಳಲಿಲ್ಲ. ಹೊಗಳಿಕೆಗೆ ಯಾರೂ ವಿವರ ಕೇಳುವುದಿಲ್ಲ. ವಿಮಾ ಕಚೇರಿಗೆ ಸ್ವಯಂನಿವೃತ್ತಿ ಬರೆದುಕೊಟ್ಟು, ಹೆಂಡತಿ ವಸುಧಾ ಪಾಠ ಹೇಳುವ ಶಾಲೆಯನ್ನೂ ಮಗಳು ಈಶಾಳ ಕಾಲೇಜನ್ನೂ ಬದಲಾಯಿಸಿ ಬೋಪಾಲಿಗೆ ಬಂದೆವು. ಮನ್ಸುಖಭಾಯಿ ಸ್ಟೇಷನ್ನಿಗೆ ಬಂದು ಒಂದು ಪೆಟ್ಟಿಗೆ ಘಾರಿ ಕೊಟ್ಟ. ತುಪ್ಪ ತುಂಬಿದ ಸೂರತ್ತಿನ ಆ ಸಿಹಿ ನನಗೆ ಒಗ್ಗುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೊಸ ಕೆಲಸದ ಮೊದಲ ನಿಯಮ ನನ್ನನ್ನು ಕಂಗೆಡಿಸಿತು. ಎಂದೂ 'ಇವತ್ತು' ಅನ್ನಬಾರದು. 'ಈಗ ಹೊರಗೆ ಮಳೆ' ಅನ್ನಬಾರದು. 'ನಿನ್ನೆಯ ಮ್ಯಾಚು' ಎಂದರೆ ಮುಗಿದೇ ಹೋಯಿತು. ಯಾವ ಕಂತು ಯಾವ ರಾತ್ರಿ ಹೋಗುತ್ತದೋ ಯಾರಿಗೂ ತಿಳಿಯದು. ನನ್ನ ಅಷ್ಟೂ ವರ್ಷದ ಅನ್ನ 'ಇದೀಗ' ಎಂಬುದರಲ್ಲಿತ್ತು: ಇದೀಗ ಓಡಿದ, ಇದೀಗ ಎಸೆದ, ಇದೀಗ ಬಿತ್ತು. ಈಗ ಇದೀಗ ಎಂಬುದೇ ಇಲ್ಲದ ಒಂದು ಊರಲ್ಲಿ ಹುಣ್ಣಿಮೆ ಚಂದ್ರನ ಕೆಳಗೆ ಕೂತು, ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ಕೇಳಬೇಕು.

ನಮ್ಮ ಕಡೆ ದೊಡ್ಡಾಟದಲ್ಲಿ ಸಾರಥಿ ಎಂಬೊಬ್ಬನಿರುತ್ತಾನೆ. ಚಿಕ್ಕಂದಿನಲ್ಲಿ ರಜೆಗೆ ಹೋದಾಗ ನೋಡಿದ್ದೇನೆ, ಅಥವಾ ಅಪ್ಪ ಹೇಳಿದ್ದನ್ನೇ ನೋಡಿದ್ದೇನೆಂದು ಅಂದುಕೊಂಡಿದ್ದೇನೆ. ಕಿರೀಟ, ಭುಜಕೀರ್ತಿ, ಮೀಸೆ ಎಲ್ಲ ಹೊತ್ತು ರಾಜ ಧಿಮಿಧಿಮಿ ಕುಣಿಯುತ್ತ ಬಂದು ನಿಲ್ಲುತ್ತಾನೆ. ಯಾರೆಂದು ಊರಿಗೆಲ್ಲ ಗೊತ್ತು, ಸಾರಥಿಗೂ ಗೊತ್ತು. ಆದರೂ ಅವನು ಕೈಮುಗಿದು, ತಾವು ಯಾರು, ಯಾವ ಊರು ಎಂದು ಕೇಳಬೇಕು. ರಾಜ ತನ್ನ ಪ್ರತಾಪವನ್ನು ತಾನೇ ಹೇಳಿಕೊಳ್ಳಬೇಕು. ನನ್ನ ಕೆಲಸ ಅದೇ ಎಂದು ತಿಳಿದಾಗ ಸ್ವಲ್ಪ ಸಮಾಧಾನವಾಗಿತ್ತು, ಪರಂಪರೆ ಇದೆಯಲ್ಲ ಎಂದು. ವ್ಯತ್ಯಾಸವಿಷ್ಟೇ. ಸಾರಥಿ ನಡುನಡುವೆ ರಾಜನ ಮೀಸೆ ಹಿಡಿದು ಎಳೆಯಬಹುದು. ನಾನು ಎಳೆಯುವಂತಿಲ್ಲ. ಅತಿಥಿಗಳಲ್ಲಿ ಹೆಚ್ಚಿನವರು ಜಾಹೀರಾತು ಕೊಡುವವರ ನೆಂಟರು.

ಇನ್ನು ನಗುವ ವ್ಯವಸ್ಥೆ. ವಸ್ತ್ರಾಪುರದ ಕೆರೆಯ ದಂಡೆಯಲ್ಲಿ ಬೆಳಗಾದರೆ ಸೇರುವ ಒಂದು ನಗೆಕೂಟವಿದೆ. ನಿವೃತ್ತರು, ಅಜ್ಜ ಅಜ್ಜಿಯರು ಸುತ್ತ ನಿಂತು ಕೈ ಮೇಲೆತ್ತಿ ಹ ಹ ಹ ಎಂದು ಆರೋಗ್ಯಕ್ಕಾಗಿ ನಗುತ್ತಾರೆ. ಯಾವ ಕಾರಣವೂ ಬೇಕಿಲ್ಲ. ಖ್ಯಾತಿಬೆನ್ ಅವರನ್ನೇ ಬಸ್ಸಿನಲ್ಲಿ ಕರೆತರುತ್ತಾಳೆ. ಚಹಾ, ಖಾರಿ ಬಿಸ್ಕತ್ತು, ಎ.ಸಿ. ಒಬ್ಬ ಹುಡುಗಿ ಕೈ ಎತ್ತಿದರೆ ಅವರು ನಗುತ್ತಾರೆ, ಇಳಿಸಿದರೆ ನಿಲ್ಲಿಸುತ್ತಾರೆ. ಬಹಳ ಶಿಸ್ತಿನ ಜನ. ಇದರಿಂದ ನನಗಾದ ನಷ್ಟವೆಂದರೆ, ಇಷ್ಟು ವರ್ಷಗಳಲ್ಲಿ ನಾನು ಹೇಳಿದ್ದು ನಗುವಂಥದ್ದೋ ಅಲ್ಲವೋ ಒಂದು ಸಲವೂ ತಿಳಿಯಲಿಲ್ಲ. ಮನೆಗೆ ಬರುವಾಗ ದವಡೆ ನೋಯುತ್ತಿರುತ್ತದೆ. ಮಾತು ಬೇಡವಾಗಿರುತ್ತದೆ. ವಸುಧಾ ಏನಾದರೂ ಕೇಳಿದರೆ ತಲೆಯಾಡಿಸುತ್ತೇನೆ. "ಊರಿಗೆಲ್ಲಾ ಮಾತು, ಮನಿಗೆ ಬರೇ ತಲಿ" ಎಂದು ಅವಳು ಮೊದಮೊದಲು ತಮಾಷೆಯಾಗಿಯೇ ಅನ್ನುತ್ತಿದ್ದಳು. ಈಚೆಗೆ ಹಾಗೂ ಅನ್ನುವುದಿಲ್ಲ. ತನ್ನ ಪಾಡಿಗೆ ತಾನು ಗಣಿತದ ಉತ್ತರಪತ್ರಿಕೆ ತಿದ್ದುತ್ತಾಳೆ. ಬೇಸರದ ಮಾತಿಗಿಂತ ಆ ಸುಮ್ಮನಿರುವಿಕೆ ನನ್ನನ್ನು ಹೆಚ್ಚು ಹೆದರಿಸಿತು.

ಈ ಬೇಸಿಗೆಯಲ್ಲಿ ನನ್ನ ಒಪ್ಪಂದ ಮುಗಿಯುವುದಿತ್ತು. ಮುಂದುವರಿಸುವ ಮೊದಲು ಒಂದು ವಿಶೇಷ ಕಂತು ಮಾಡೋಣವೆಂದು ಖ್ಯಾತಿಬೆನ್ ಹೇಳಿದಳು. ಅದರಲ್ಲಿ ಅತಿಥಿ ನಾನೇ. ನನಗೆ ತಿಳಿಸದೆ ದೊಡ್ಡ ಪರದೆಯ ಮೇಲೆ ಒಂದು ತುಣುಕು ಹಾಕಿದರು. 'ಗುರುಭಾಯಿಯನ್ನು ನಮಗೆ ಕೊಟ್ಟ ತುಣುಕು' ಎಂದು ಮೇಲೆ ಬರೆದಿತ್ತು. ವರಾಛಾದ ಮೈದಾನ. ಚೆಂಡು ಮೇಲಕ್ಕೆ ಹಾರಿತು. ಒಬ್ಬ ಫೀಲ್ಡರು ಅದರಡಿ ಬಂದು ನಿಂತ, ಕೈ ಚಾಚಿದ, ಚೆಂಡು ಅವನ ಪಕ್ಕದಲ್ಲಿ ಬಿತ್ತು. ಓವರು ಮುಗಿಯಿತು. ಮೈಕಿನ ದನಿ ಹೇಳಿತು: "ಅವನನ್ನು ಬೈಯಬೇಡಿ ಅಣ್ಣಾ. ವಾರವಿಡೀ ಭೂತಗನ್ನಡಿ ಇಟ್ಟುಕೊಂಡು ಸಾಸಿವೆಯಷ್ಟು ಕಲ್ಲು ನೋಡುವವನು. ಇಷ್ಟು ದೊಡ್ಡ ಸಾಮಾನು ಅವನ ಕಣ್ಣಿಗೆ ಬೀಳುವುದೇ ಇಲ್ಲ."

ನಗೆಕೂಟದವರು ನಕ್ಕರು. ಹುಡುಗಿ ಇನ್ನೂ ಕೈ ಎತ್ತಿರಲಿಲ್ಲ. ಒಬ್ಬ ಅಜ್ಜಿಯಂತೂ ಬಿಸ್ಕತ್ತು ಗಂಟಲಿಗೆ ಸಿಕ್ಕಿ ಕೆಮ್ಮಿದಳು. ಆ ಶೆಡ್ಡಿನಲ್ಲಿ ನಾನು ಕೇಳಿದ ಮೊದಲ ನಗು ಅದು. ನಾನು ಮಾತ್ರ ನಗಲಿಲ್ಲ. ಏಕೆಂದರೆ ಓವರು ಮುಗಿದ ಮೇಲೆ ಮೈಕು ನನ್ನ ಕೈಯಲ್ಲಿ ಇರುತ್ತಲೇ ಇರಲಿಲ್ಲ.

ಆದರೂ ಪೂರ್ತಿ ಖಾತ್ರಿಯಾಗಲಿಲ್ಲ. ಈ ಮಾತನ್ನು ನಾನೇ ಎಷ್ಟೋ ಸಂದರ್ಶನಗಳಲ್ಲಿ ನನ್ನದೆಂದು ಹೇಳಿದ್ದೇನೆ, ನಂಬಿಕೊಂಡೇ ಹೇಳಿದ್ದೇನೆ. ತುಣುಕನ್ನು ಮನೆಗೆ ತಂದು ಮೊಬೈಲಿನಲ್ಲಿ ಹಾಕಿ ತೋರಿಸಿದೆ. ಈಶಾ ತಲೆ ಎತ್ತದೆಯೇ, "ಪಪ್ಪಾ, ಆ ವಾಯ್ಸ್ ತೋ ಮನ್ಸುಖ್ ಅಂಕಲ್‌ದು ಛೇ ನೆ?" ಎಂದಳು. ಅವಳ ಒಂದು ವಾಕ್ಯದಲ್ಲಿ ಮೂರು ಭಾಷೆ ಇರುತ್ತವೆ, ಅನುಮಾನ ಮಾತ್ರ ಒಂದರಲ್ಲೂ ಇರುವುದಿಲ್ಲ. ವಸುಧಾ ಕೆಂಪು ಪೆನ್ನು ಕೆಳಗಿಟ್ಟು ಇನ್ನೊಮ್ಮೆ ಹಾಕಿಸಿ ಕೇಳಿದಳು.

"ನಿಮ್ಮ ದನಿ ಅಲ್ರೀ ಇದು."

"ಅಷ್ಟು ಹ್ಯಾಂಗ ಹೇಳ್ತಿ?"

"ನೀವು ಚಾಷ್ಟಿ ಮಾಡೂಮುಂದ ಎಲ್ಲಾರಕಿಂತ ಮೊದಲ ನೀವ ನಗ್ತೀರಿ. ಇಂವ ನಕ್ಕಿಲ್ಲ."

ಗಣಿತದವರು ಸಾಧಿಸಿ ತೋರಿಸಿದ್ದಕ್ಕೆ ಎದುರು ವಾದವಿಲ್ಲ. ಚಾನೆಲ್ಲಿನವರು ಹುಡುಕಿದ್ದು ಮನ್ಸುಖಭಾಯಿಯನ್ನು, ಸಿಕ್ಕಿದ್ದು ನಾನು. ಪರದೆಯ ಮೇಲೆ ಮೈದಾನ ಮಾತ್ರ ಕಾಣುತ್ತಿತ್ತು. ಮುಖವಿರಲಿಲ್ಲ. ಕೆಳಗೆ ಇಬ್ಬರ ಹೆಸರಿದ್ದರೆ ಮೊದಲ ಹೆಸರಿಗೆ ಫೋನು ಮಾಡುವುದು ಲೋಕರೂಢಿ. ಮೊದಲ ಹೆಸರು ನನ್ನದಾಗಿತ್ತು. ಇನ್ನೊಬ್ಬರ ಮದುವೆಯ ಊಟಕ್ಕೆ ಕೂತು ಎಲೆ ಮುಗಿಸಿದ ಮೇಲೆ ಪಕ್ಕದ ಹಾಲಿನಲ್ಲಿ ನಮ್ಮ ಕಡೆಯವರ ಮದುವೆ ಎಂದು ತಿಳಿದರೆ ಹೇಗಿರುತ್ತದೆ, ಹಾಗಾಯಿತು. ಅದೂ ಈಗ, ವಜ್ರದ ವ್ಯಾಪಾರ ಕುಸಿದು ವರಾಛಾದ ಕಾರ್ಖಾನೆಗಳು ವಾರಕ್ಕೆ ಕೆಲವೇ ದಿನ ತೆರೆಯುತ್ತಿರುವ ಕಾಲದಲ್ಲಿ. ದಲಾಲರಿಗೆ ಬಿಡುವೋ ಬಿಡುವು.

ಮರುದಿನ ಖ್ಯಾತಿಬೆನ್‌ಗೆ ಎಲ್ಲ ಹೇಳಿದೆ. ಅವಳು ಬೆಚ್ಚಿಬೀಳುತ್ತಾಳೆ ಎಂದುಕೊಂಡಿದ್ದೆ. ಅವಳು ಚಹಾ ಊದುತ್ತ, "ಗುರುಭಾಯಿ, ನಮಗೆ ಎರಡನೇ ತಿಂಗಳಲ್ಲೇ ಗೊತ್ತಾಯ್ತು" ಎಂದಳು.

"ಮತ್ತೆ?"

"ಮತ್ತೇನು? ಅಷ್ಟೊತ್ತಿಗೆ ನಿಮ್ಮ ಹೋರ್ಡಿಂಗ್ ಏರಿಸಿಯಾಗಿತ್ತು."

ನನ್ನ ಮುಖ ನೋಡಿ ಅವಳಿಗೆ ಕನಿಕರ ಬಂತು. "ಬೇಜಾರು ಮಾಡ್ಕೋಬೇಡಿ. ನಮಗೆ ಅದರಿಂದ ಒಳ್ಳೆಯದೇ ಆಯ್ತು. ಜನ ನಿಮ್ಮನ್ನ ನೋಡ್ತಾ ನೋಡ್ತಾ ಮಲಗಿಬಿಡ್ತಾರೆ. ನಮ್ಮಮ್ಮ ಅಂತೂ ನಿದ್ದೆ ಮಾತ್ರೆ ಬಿಟ್ಟಿದ್ದಾರೆ. ಹಾಸಿಗೆ ಕಂಪನಿ ಯಾಕೆ ನಮಗೆ ಜಾಹೀರಾತು ಕೊಡುತ್ತೆ ಅಂದ್ಕೊಂಡ್ರಿ?"

ನಾನು ಹಾಸ್ಯಗಾರನೆಂದು ತಿಳಿದಿದ್ದೆ. ನಾನು ಜೋಗುಳವಂತೆ. ಈ ಅವಮಾನವನ್ನು ನುಂಗಿಕೊಂಡು, ಹಾಗಾದರೆ ಈಗಲಾದರೂ ಮನ್ಸುಖಭಾಯಿಯನ್ನು ಕರೆಯಿರಿ, ನಾನು ಬಿಟ್ಟುಕೊಡುತ್ತೇನೆ ಎಂದೆ. ಇಷ್ಟು ಉದಾರವಾದ ಮಾತು ನನ್ನ ಬಾಯಿಂದ ಬಂದದ್ದಕ್ಕೆ ನನಗೇ ಅನುಮಾನವಾಯಿತು. ದಣಿದವನು ಬಿಟ್ಟುಕೊಡುವುದಕ್ಕೆ ತ್ಯಾಗವೆಂದು ಹೆಸರಿಡಬಹುದೇ? ಖ್ಯಾತಿಬೆನ್ ಚಹಾ ಲೋಟ ಕೆಳಗಿಟ್ಟಳು. "ಬರ್ತಾರಾದರೆ ಕರ್ಕೊಂಡು ಬನ್ನಿ. ಒಂದು ಸೀಸನ್ ನೋಡೋಣ. ಮುಂದಿನ ವಾರದವರೆಗೆ ನಿಮ್ಮ ಒಪ್ಪಂದದ ಕಾಗದ ಹಾಗೇ ಇರಲಿ" ಎಂದಳು. ಅಂದರೆ ಅವನು ಬಂದರೆ ನಾನು ಮನೆಗೆ. ವಸುಧಾಳಿಗೆ ಹೇಳಿದೆ. "ಹೋಗಿ ಬರ್ರಿ. ಕೇಳಲಿಲ್ಲಂದ್ರ ನಿಮಗ ಹೆಂಗೂ ನಿದ್ದಿ ಬರೂದಿಲ್ಲ" ಎಂದಳು. ಊರಿಗೆಲ್ಲ ನಿದ್ದೆ ಬರಿಸುವವನಿಗೆ ಎಂದು ಈಶಾ ಸೇರಿಸಿದಳು, ಇಂಗ್ಲಿಷಿನಲ್ಲಿ.

ಭಾನುವಾರ ಸೂರತ್ತಿಗೆ ಹೋದೆ. ಮನ್ಸುಖಭಾಯಿಯ ಮನೆ ವರಾಛಾದಲ್ಲಿ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ. ಅವನ ಹೆಂಡತಿ ಹಂಸಾಬೆನ್ ಪೂರಿ ಕರಿಯುತ್ತಿದ್ದಳು. ಮಾವಿನ ಕಾಲ, ಬಟ್ಟಲ ತುಂಬ ಆಮ್‌ರಸ್. ಬಟ್ಟಲು ಖಾಲಿಯಾಗುವುದನ್ನು ಆ ಮನೆಯಲ್ಲಿ ಯಾರೂ ನೋಡಿದವರಿಲ್ಲ. ಮನ್ಸುಖಭಾಯಿ ತೆಳ್ಳಗಾಗಿದ್ದ. ನಾನು ಹೇಳಿದ್ದನ್ನೆಲ್ಲ ಅವನು ಪೂರಿ ಮುರಿಯುತ್ತ ಕೇಳಿದ. ನಾವು ಮಾತಾಡಿದ್ದು ಗುಜರಾತಿಯಲ್ಲಿ. ಕನ್ನಡಕ್ಕೆ ತರುವಾಗ ಅವನ ಮಾತಿನ ಅರ್ಧ ಉಪ್ಪು ಹೋಗಿದೆ, ಉಳಿದರ್ಧದಲ್ಲಿ ನನ್ನ ನೆನಪು ಎಷ್ಟು ಬೆರೆತಿದೆಯೋ ತಿಳಿಯದು.

"ಆ ತುಣುಕು ನಿಮ್ಮದು ಅಂತ ನಿಮಗೆ ಗೊತ್ತಿತ್ತಾ?" ಎಂದು ಕೇಳಿದೆ.

"ನನ್ನ ಮಾತು ನನಗೆ ಗೊತ್ತಾಗಲ್ವಾ? ಮೊದಲ ದಿನವೇ ಗೊತ್ತು."

"ಮತ್ತೆ ಹೇಳಲಿಲ್ಲ?"

"ಏನಂತ ಹೇಳೋದು? ಘಾರಿ ಕೊಟ್ಟೆನಲ್ಲ, ಅದರಲ್ಲೇ ಸೇಡು ತೀರಿಸ್ಕೊಂಡೆ." ತಟ್ಟೆ ನೋಡುತ್ತ ಹೇಳಿದ: "ಬೇಜಾರಾಗಿತ್ತು, ಗುರು. ಆಗಲಿಲ್ಲ ಅಂದರೆ ಸುಳ್ಳು. ಮಾರ್ಕೆಟ್ಟಿಗೆ ಹೋಗೋ ದಾರೀಲಿ ನಿನ್ನ ಹೋರ್ಡಿಂಗ್ ಹಾಕಿದ್ದರು. ನೀನು ನಗ್ತಾ ಇದ್ದೆ ಅದರಲ್ಲಿ, ಪೆದ್ದನ ಹಾಗೆ. ಎಷ್ಟೋ ದಿನ ಬೇರೆ ದಾರಿಯಿಂದ ಸುತ್ತಿಕೊಂಡು ಹೋದೆ. ಆಮೇಲೆ ಪೆಟ್ರೋಲು ದುಬಾರಿ ಆಯ್ತು, ನಿನ್ನ ಮುಖ ನೋಡ್ಕೊಂಡೇ ಹೋಗೋಕೆ ಶುರು ಮಾಡಿದೆ."

ಹಂಸಾಬೆನ್ ಬಂದು ಆಮ್‌ರಸ್ ಹಾಕಿ ಹೋದಳು.

"ಈಗ ಬನ್ನಿ. ಕುರ್ಚಿ ನಿಮ್ಮದೇ" ಎಂದೆ.

ಅವನು ಪೊಟ್ಟಣ ಬಿಚ್ಚಿ ಕಲ್ಲು ನೋಡುವವನ ಹಾಗೆ ಒಂದು ಕಣ್ಣು ಕಿರಿದು ಮಾಡಿದ. "ತಿರುಗೋ ಕುರ್ಚೀನಾ?"

"ಹೂಂ."

"ಎದುರಿಗೆ ಯಾರು ಕೂತಿರ್ತಾರೆ?"

"ಅತಿಥಿ."

"ಪಕ್ಕದಲ್ಲಿ?"

"ಪಕ್ಕದಲ್ಲಿ ಯಾರೂ ಇರೋದಿಲ್ಲ."

"ಮೈಕು?"

"ಕಾಲರಿಗೆ ಸಿಗಿಸಿರ್ತಾರೆ."

"ಹಾಗಾದರೆ ಯಾರೂ ಕಸಿದುಕೊಳ್ಳೋ ಹಾಗಿಲ್ಲ" ಎಂದು ಪೂರಿ ಕೆಳಗಿಟ್ಟು ಅಡುಗೆಮನೆಯ ಕಡೆ ಕೂಗಿದ: "ಹಂಸಾ, ನಾನು ಮನೇಲಿ ತಮಾಷೆ ಮಾಡ್ತೀನಾ?"

"ಮಾಡದೆ ಬಿಡ್ತೀರಾ?"

"ನೀನು ನಗ್ತೀಯಾ?"

ಹಂಸಾಬೆನ್ ಜಾಲರಿ ಸಟ್ಟುಗ ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಗುರುಭಾಯಿ, ನೀವೇ ಹೇಳಿ. ಮೊದಲನೇದಕ್ಕೆ ನಗಬಹುದು. ಇವರಿಗೆ ನಿಲ್ಲಿಸೋಕೆ ಬರುತ್ತಾ? ಬೇಳೆ ಇಡ್ತೀನಿ, ಬೇಯುತ್ತೆ, ಒಗ್ಗರಣೆ ಹಾಕ್ತೀನಿ, ಇವರದ್ದು ಇನ್ನೂ ನಡೀತಾ ಇರುತ್ತೆ. ಮಕ್ಕಳು ಕಿವಿಗೆ ಯಂತ್ರ ಸಿಗಿಸ್ಕೊಂಡು ಓಡಾಡ್ತಾರೆ."

"ಕೇಳಿದೆಯಾ?" ಎಂದ ಮನ್ಸುಖಭಾಯಿ. ಹೆಂಡತಿಯ ಸಾಕ್ಷ್ಯದಿಂದ ಅವನಿಗೆ ಹೆಮ್ಮೆಯೇ ಆದಂತಿತ್ತು. "ಮೈದಾನದಲ್ಲಿ ಜನ ನಕ್ಕಿದ್ದು ಯಾಕೆ? ಬೌಲರು ತಿರುಗಿದ ಅಂದರೆ ನೀನು ಹದ್ದಿನ ಹಾಗೆ ಎರಗ್ತಿದ್ದೆ. ನಾನು ಎರಡನೇ ಮಾತು ಆಡೋಕಾಗ್ತಿರಲಿಲ್ಲ, ಅದಕ್ಕೆ ಮೊದಲನೇದು ಉಳೀತಿತ್ತು. ಒಂದು ಗಂಟೆ ಆ ಕುರ್ಚೀಲಿ ನನ್ನನ್ನ ಒಬ್ಬನೇ ಕೂರಿಸಿದರೆ ಗುಜರಾತಿನವರು ಎದ್ದು ಟೀವಿ ಒಡೀತಾರೆ. ನೀನಾದರೂ ಮಲಗಿಸ್ತೀಯಾ."

ಮಲಗಿಸುವ ವಿಷಯ ಅವನಿಗೂ ಗೊತ್ತಿತ್ತು. ಇಡೀ ರಾಜ್ಯದಲ್ಲಿ ಗೊತ್ತಿಲ್ಲದವನು ನಾನೊಬ್ಬನೇ ಇದ್ದಿರಬೇಕು.

"ಯೋಚನೆ ಮಾಡಿ, ಮನ್ಸುಖಭಾಯಿ. ವ್ಯಾಪಾರ ಹೇಗಿದೆ ಅಂತ ನನಗೂ ತಿಳಿಯುತ್ತೆ."

"ಕಲ್ಲಿನ ವ್ಯಾಪಾರ ಬೀಳುತ್ತೆ, ಏಳುತ್ತೆ. ಅದನ್ನ ನನಗೆ ಬಿಡು. ನೀನು ಯಾಕೆ ಇಷ್ಟು ಸೋತುಹೋಗಿದ್ದೀಯಾ, ಅದು ಹೇಳು."

"ಮಾತಾಡಿ ಮಾತಾಡಿ" ಎಂದೆ.

"ಮಾತಾಡಿ ಯಾರಾದರೂ ಸೋಲ್ತಾರಾ? ನಾನು ದಲಾಲ, ನನ್ನನ್ನ ಕೇಳು. ಬೆಳಿಗ್ಗೆಯಿಂದ ಸಂಜೆ ತನಕ ಮಾತಾಡ್ತೀನಿ, ಹುಮ್ಮಸ್ಸಾಗಿರ್ತೀನಿ. ಎದುರಿನವನು ಮಾತು ಮುಗಿಸೋಕೆ ಬಿಡೋದೇ ಇಲ್ಲವಲ್ಲ, ಅದಕ್ಕೆ. ನಿನ್ನನ್ನ ಅಲ್ಲಿ ಯಾರೂ ತಡೆಯೋರಿಲ್ಲ, ಗುರು. ಅದೇ ನಿನ್ನ ರೋಗ."

ವಾಪಸು ಬರುವ ರೈಲಿನಲ್ಲಿ ಇದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅವನು ನಿಜ ಹೇಳಿದನೋ, ಸ್ವಾಭಿಮಾನಕ್ಕೆ ಬೇಡವೆಂದನೋ, ನನ್ನ ಕೆಲಸ ಉಳಿಯಲಿ ಎಂದು ನಯವಾಗಿ ಜಾರಿಕೊಂಡನೋ? ದಲಾಲನ ಮುಖದಲ್ಲಿ ಯಾವ ಬೆಲೆಯೂ ಕಾಣುವುದಿಲ್ಲ. ಮೂರೂ ಸ್ವಲ್ಪ ಸ್ವಲ್ಪ ಇದ್ದೀತು. ವಡೋದರ ಬಂತು. ನಾನು ಬೆಳೆದ ಕ್ವಾರ್ಟರ್ಸು ರೈಲಿನಿಂದ ಕಾಣುತ್ತಿತ್ತೆಂದು ಸದಾ ಹೇಳಿಕೊಂಡು ಬಂದಿದ್ದೇನೆ. ಕಿಟಕಿಗೆ ಹಣೆ ಒತ್ತಿ ನೋಡಿದೆ. ಕಾಣಲಿಲ್ಲ. ಕೆಡವಿದ್ದಾರೋ, ಮೊದಲಿಂದಲೂ ಕಾಣುತ್ತಲೇ ಇರಲಿಲ್ಲವೋ. ಆದರೆ ಕಸಿದುಕೊಳ್ಳುವುದರ ಬಗ್ಗೆ ಅವನು ಹೇಳಿದ್ದು ಮಾತ್ರ ನನ್ನ ಕೈಗೇ ನೆನಪಿತ್ತು. ಮೈಕಿನ ಕಬ್ಬಿಣದ ತಣ್ಣಗಿನ ಕೊರಳು, ಬಿಡದೆ ಹಿಡಿದಿದ್ದ ಅವನ ಬೆವರಿನ ಬೆರಳುಗಳು. ಇಷ್ಟು ವರ್ಷ ಅದನ್ನು ನಾನು ಕಿರಿಕಿರಿ ಎಂದು ತಿಳಿದಿದ್ದೆ. ಅದು ನಮ್ಮಿಬ್ಬರ ಸಂಗೀತವಾಗಿತ್ತು. ಮಾತಿಗೆ ಅಂಚು ಕಟ್ಟುವವರು ಇನ್ನೊಬ್ಬರೇ ಆಗಬೇಕೇನೋ. ಸೀರೆಗೆ ಸೆರಗಿರುವಂತೆ ಮಾತಿಗೂ ಒಂದು ಕೊನೆ ಇರಬೇಕು, ಇಲ್ಲದಿದ್ದರೆ ಅದು ಬರೀ ಥಾನು, ಕತ್ತರಿಸದ ಬಟ್ಟೆಯ ಸುರುಳಿ. ಸೀರೆ ಮಾರುವ ಸೂರತ್ತಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಮುಂದಿನ ವಾರ ಖ್ಯಾತಿಬೆನ್ ಎದುರು ಕೂತೆ. ಮನ್ಸುಖಭಾಯಿ ಬರುವುದಿಲ್ಲವೆಂದೆ. ನಾನು ಮುಂದುವರಿಯುತ್ತೇನೆ, ಆದರೆ ಒಂದು ಷರತ್ತು ಎಂದೆ. ಅವಳು ಪೆನ್ನು ಹಿಡಿದು ನೆಟ್ಟಗೆ ಕೂತಳು. ರೈಲಿನಲ್ಲೇ ಸಿದ್ಧ ಮಾಡಿಕೊಂಡಿದ್ದ ಒಂದು ಪೀಠಿಕೆ ನನ್ನಲ್ಲಿತ್ತು. ಮಾತಿನ ಮಿತಿ, ಪ್ರೇಕ್ಷಕರ ಸಹನೆ, ದೊಡ್ಡಾಟದ ಸಾರಥಿ, ಎಲ್ಲ ಬರುವಂಥದ್ದು. "ನೋಡಿ, ಒಂದು ಗಂಟೆಯ ಈ ಕಾರ್ಯಕ್ರಮವನ್ನ ಅರ್ಧ ಗಂಟೆಗೆ..." ಎನ್ನುವಷ್ಟರಲ್ಲಿ, "ಆಯ್ತು" ಎಂದಳು.

"ಅಲ್ಲ, ಯಾಕೆ ಅಂದರೆ..."

"ಆಯ್ತು ಗುರುಭಾಯಿ. ಅರ್ಧ ಗಂಟೆ. ಇಲ್ಲಿ ಸಹಿ."

ಪೀಠಿಕೆ ಗಂಟಲಲ್ಲೇ ಉಳಿಯಿತು. ಅವಳು ಒಪ್ಪಿದ ವೇಗಕ್ಕೆ ನನಗೆ ಸ್ವಲ್ಪ ನೋವಾಯಿತೆಂದು ಒಪ್ಪಿಕೊಳ್ಳಬೇಕು. ಒಂದು ಮಾತಿಗಾದರೂ 'ಜನ ಏನಂದುಕೊಳ್ಳುತ್ತಾರೆ' ಎನ್ನಬಹುದಿತ್ತು. ನೆಂಟರು ಹೊರಡುತ್ತೇನೆ ಎಂದಾಗ ಇಷ್ಟು ಬೇಗ ಯಾಕೆ ಎಂದು ಕೇಳುವುದು ಲೋಕದ ಮರ್ಯಾದೆ.

ಆ ಅಳತೆಯ ಮೊದಲ ಕಂತುಗಳು ಮೊನ್ನೆ ಚಿತ್ರೀಕರಣವಾದವು. ಅತಿಥಿ ಒಬ್ಬ ಮುದುಕ ಕುಸ್ತಿಪಟು. ಅವನಿಗೆ ಹುಮ್ಮಸ್ಸು ಏರುತ್ತಿತ್ತು, ನನಗೂ ನಾಲಿಗೆಯ ತುದಿಗೆ ಒಂದು ಒಳ್ಳೆಯ ಮಾತು ಬಂದಿತ್ತು. ಅಷ್ಟರಲ್ಲಿ ದೀಪ ಆರಿಸಿದರು. ನಗೆಕೂಟದವರು "ಇಷ್ಟೇನಾ?" ಎಂದು ಗೊಣಗುತ್ತ ಬಸ್ಸಿನ ಕಡೆ ಹೋದರು. ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡೇ ಮನೆಗೆ ಬಂದೆ. ದವಡೆ ನೋಯುತ್ತಿರಲಿಲ್ಲ. ವಸುಧಾ ರೊಟ್ಟಿ ಬೇಯಿಸುತ್ತಿದ್ದಳು. ಚಪ್ಪಲಿ ಬಿಡುತ್ತಲೇ ಹೇಳಲು ಶುರುಮಾಡಿದೆ, ಕುಸ್ತಿಪಟು ಹೀಗೆಂದ, ಅದಕ್ಕೆ ನಾನು ಹೀಗೆನ್ನಬೇಕೆಂದಿದ್ದೆ ಎಂದು. ಅವಳು ತಿರುಗಿ ನನ್ನನ್ನೇ ನೋಡಿದಳು. ಇನ್ನೇನು ಮುಖ್ಯವಾದ ಜಾಗಕ್ಕೆ ಬಂದೆ, ನನಗೇ ನಗು ಬರತೊಡಗಿತು.

"ಸಾಕು ಸಾಕು" ಎಂದಳು. "ರೊಟ್ಟಿ ಆರತಾವ, ಕೈ ತೊಳಕೊಂಡು ಬರ್ರಿ. ಉಳದದ್ದು ನಾಳೆ ಹೇಳ್ರಿ."

ಕೈ ತೊಳೆಯಲು ಹೋದೆ.